ಅಜ್ಜನ ಪೆಟಾರಿಗೆ ವಯಸ್ಸೆಷ್ಟು?

ಹಳೆಯ ಮರದ ಸಾಮಾನುಗಳ ಕಾಲ ಯಾವುದು, ಮರ ಯಾವುದು, ಎಲ್ಲಿಂದ ಬಂದದ್ದು ಎಂದು ಕೇಳಿ ಓದುಗರು ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಅಟ್ಟದ ಮೇಲೆ 4 ಅಡಿ ಉದ್ದದ ಮರದ ಪೆಟಾರಿ ಇದೆ. ಮೂಲೆಗಳಿಗೆ ಹಿತ್ತಾಳೆ ಪಟ್ಟಿ, ಒಳಗೆ ಒಂದು ಬದಿಗೆ ಸಣ್ಣ ಖಾನೆ. ಮನೆಯ ಹಿರಿಯರು ಇನ್ನೂರು ವರ್ಷದ್ದು ಅನ್ನುತ್ತಾರೆ. ನೋಡಲು ಬಂದ ಆಚಾರಿ ನೂರೂ ಆಗಿಲ್ಲ ಅಂದರು. ನಾವೇ ಪರೀಕ್ಷಿಸಿ ತಿಳಿಯಬಹುದೇ? — ಶಿರಸಿಯಿಂದ

ಉತ್ತರ: ತಿಳಿಯಬಹುದು. ಆದರೆ ಅದಕ್ಕೂ ಮೊದಲು ಒಂದು ಮಾತು: ಒರೆಸಬೇಡಿ, ಎಣ್ಣೆ ಹಚ್ಚಬೇಡಿ, ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಬೇಡಿ. ಪೆಟಾರಿಯ ಮುಖ ನಾಲ್ಕು ಜನ ನೋಡಲೆಂದು ಮಾಡಿದ್ದು. ಅದನ್ನು ತಲೆಮಾರಿಗೊಮ್ಮೆ ಉಜ್ಜಿ ಪಾಲಿಶ್ ಮಾಡಿರುತ್ತಾರೆ, ಅಲ್ಲಿ ಸಾಕ್ಷಿ ಉಳಿದಿರುವುದು ಕಡಿಮೆ. ಯಾರ ಕಣ್ಣಿಗೂ ಬೀಳದ ತಳ, ಬೆನ್ನು, ಖಾನೆಯ ಅಡಿ, ಬಿಜಾಗರಿಯ ಕೆಳಗಿನ ಜಾಗ, ಇವೇ ನಿಜ ಹೇಳುವ ಜಾಗಗಳು.

ಟಾರ್ಚ್, 10 ಪಟ್ಟು ಹಿಗ್ಗಿಸುವ ಸಣ್ಣ ಮಸೂರ, ಅಳತೆ ಟೇಪು, ಸ್ಕ್ರೂ ತಲೆಯ ಮೇಲಿನ ಗಾಡಿಗೆ, ಅಂದರೆ ಸೀಳಿಗೆ, ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಇಷ್ಟಿದ್ದರೆ ಸಾಕು. ಪೆಟಾರಿಯನ್ನು ಗೋಣಿಚೀಲದ ಮೇಲೆ ಮಗುಚಿ, ಕೋಣೆಯ ಬೆಳಕು ಆರಿಸಿ, ಟಾರ್ಚನ್ನು ಹಲಗೆಗೆ ಮಲಗಿಸಿದ ಹಾಗೆ ಹಿಡಿಯಿರಿ. ಮೇಲಿನಿಂದ ಬಿಟ್ಟ ಬೆಳಕಿಗೆ ಕಾಣದ ಗೀರುಗಳೆಲ್ಲ ಅಡ್ಡ ಬೆಳಕಿಗೆ ಎದ್ದು ನಿಲ್ಲುತ್ತವೆ.

ಮೊದಲು ಗರಗಸದ ಗೀರು ನೋಡಿ. ಇಬ್ಬರು ಮೇಲೆ ಕೆಳಗೆ ನಿಂತು ಎಳೆದು ಕೊಯ್ದ ಹಲಗೆಯಲ್ಲಿ ಗೀರುಗಳು ನೆಟ್ಟಗಿರುತ್ತವೆ, ಆದರೆ ಒಂದಕ್ಕೊಂದು ಸಮನಾಗಿರುವುದಿಲ್ಲ. ಎಳೆದವರ ಕೈ ಸೋತಲ್ಲಿ ಓರೆಯಾಗುತ್ತವೆ, ಅಂತರ ಹೆಚ್ಚು ಕಡಿಮೆ ಆಗುತ್ತದೆ. ಚಕ್ರ ಗರಗಸದ ಗೀರುಗಳು ಬಿಲ್ಲಿನಂತೆ ಬಾಗಿರುತ್ತವೆ. ಬ್ಯಾಂಡ್ ಗರಗಸದ್ದು ನೆಟ್ಟಗೆ, ಬಾಚಣಿಗೆಯ ಹಲ್ಲಿನಷ್ಟು ಸಮ. ಮೂಲ ಹಲಗೆಯ ಮೇಲೆಯೇ ಬಿಲ್ಲಿನಾಕಾರದ ಗೀರುಗಳಿದ್ದರೆ ಇನ್ನೂರು ವರ್ಷದ ಮಾತನ್ನು ಅಲ್ಲಿಗೇ ಬಿಡಬಹುದು. ನಮ್ಮ ಕಡೆ ಯಂತ್ರದ ಸಾ ಮಿಲ್‌ನ ಹಲಗೆ ಬಳಕೆಗೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಿಂದ ಈಚೆಗೆ.

ಇಂಗ್ಲಿಷ್ ಕೈಪಿಡಿಗಳ ಕಾಲಪಟ್ಟಿಯನ್ನು ಹಿಡಿದುಕೊಂಡವರು ಎಡವುವುದು ಇಲ್ಲೇ. ಅವರ ಪಟ್ಟಿಯಲ್ಲಿ ಕೈಗರಗಸ ಎಂದರೆ ಬಹಳ ಹಳತು. ಮಲೆನಾಡಿನಲ್ಲಿ ಕೈಗರಗಸದಿಂದ ಹಲಗೆ ಕೊಯ್ಯುವುದು 20ನೇ ಶತಮಾನದ ನಡುವಿನವರೆಗೂ ನಡೆದೇ ಇತ್ತು. ಕೈಯಲ್ಲಿ ಬಡಿದ ಚೌಕ ಮೊಳೆಯ ಕಥೆಯೂ ಇದೇ: ಊರಿನ ಕಮ್ಮಾರ ಅದನ್ನು ಬಹಳ ಕಾಲ ಮಾಡುತ್ತಲೇ ಇದ್ದ. ಹಾಗಾಗಿ ಒಂದು ನಿಯಮ ನೆನಪಿಡಿ. ಹೊಸ ತಂತ್ರದ ಗುರುತು ಕಂಡರೆ ಸಾಮಾನು ಅದಕ್ಕಿಂತ ಹಿಂದಿನದಲ್ಲ ಎಂಬುದು ಖಚಿತ. ಹಳೆ ತಂತ್ರದ ಗುರುತು ಕಂಡರೆ ಸಾಮಾನು ಹಳತೇ ಎಂಬುದು ಖಚಿತವಲ್ಲ.

ಮುಂದಿನದು ಮೂಲೆಯ ಜೋಡಣೆ. ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳು ಒಂದರೊಳಗೊಂದು ಕೂತಿದ್ದರೆ ಅವನ್ನು ಒಂದೊಂದಾಗಿ ಅಳೆಯಿರಿ. ಕೈಕೆಲಸದಲ್ಲಿ ಎರಡು ಹಲ್ಲು ಒಂದೇ ಅಳತೆ ಇರುವುದಿಲ್ಲ. ಹಲ್ಲುಗಳ ಬುಡದಲ್ಲಿ ಆಚಾರಿ ಮೊಳೆಮೊನೆಯಿಂದ ಎಳೆದ ತೆಳ್ಳನೆಯ ಗುರುತುಗೆರೆ ಉಳಿದಿರುತ್ತದೆ, ಕೆಲವೆಡೆ ಗರಗಸ ಆ ಗೆರೆ ದಾಟಿ ಒಂದು ಕೂದಲೆಳೆಯಷ್ಟು ಮುಂದೆ ಹೋಗಿರುತ್ತದೆ. ಎಲ್ಲ ಹಲ್ಲೂ ಅಚ್ಚಿಗೆ ಹಾಕಿದಂತೆ ಒಂದೇ ಆಗಿದ್ದು, ಒಳಮೂಲೆ ದುಂಡಗಿದ್ದರೆ ಅದು ಯಂತ್ರದ ಕೆಲಸ.

ಎಲ್ಲಕ್ಕಿಂತ ಒಳ್ಳೆ ಸಾಕ್ಷಿ ಸ್ಕ್ರೂ. ಬಿಜಾಗರಿಯಿಂದ ಒಂದೇ ಒಂದು ಸ್ಕ್ರೂ ಬಿಚ್ಚಿ. ಅದು ಅಲ್ಲಾಡದಿದ್ದರೆ ಬಲ ಹಾಕಬೇಡಿ, ತಲೆ ಮುರಿಯುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ಬಿಸಿ ಮೊನೆಯನ್ನು ಸ್ಕ್ರೂ ತಲೆಯ ಮೇಲೆ ಅರ್ಧ ನಿಮಿಷ ಇಟ್ಟು, ತಣಿದ ಮೇಲೆ ಮೊದಲು ಬಿಗಿಮಾಡುವ ದಿಕ್ಕಿಗೆ ಸ್ವಲ್ಪ ತಿರುಗಿಸಿ, ಆಮೇಲೆ ಸಡಿಲಿಸಿ. ಹೊರಬಂದ ಸ್ಕ್ರೂವನ್ನು ಬಿಳಿ ಕಾಗದದ ಮೇಲಿಟ್ಟು ತುದಿ ನೋಡಿ. ತುದಿ ಮೊಂಡಾಗಿದ್ದು, ತಲೆಯ ಗಾಡಿ ನಟ್ಟನಡುವೆ ಇರದೆ, ಸುತ್ತುಗಳು ಏರುಪೇರಾಗಿದ್ದರೆ ಅದು 1850ಕ್ಕಿಂತ ಹಿಂದಿನ ಬಗೆ. ಆಗಿನ ಸ್ಕ್ರೂಗೆ ಚೂಪು ಮೊನೆ ಇರಲಿಲ್ಲ, ಮೊದಲು ತೂತು ಕೊರೆದು ಕೂರಿಸುತ್ತಿದ್ದರು. ಚೂಪು ಮೊನೆಯ ಸ್ಕ್ರೂ ತಯಾರಿಕೆಯ ಹಕ್ಕನ್ನು ಬರ್ಮಿಂಗ್‌ಹ್ಯಾಮಿನ ನೆಟಲ್‌ಫೋಲ್ಡ್ ಮತ್ತು ಚೇಂಬರ್ಲೇನ್ ಕಂಪನಿ ಕೊಂಡದ್ದು 1854ರಲ್ಲಿ. ನಮ್ಮ ಪೇಟೆಗೆ ಹಡಗಿನಲ್ಲಿ ಬಂದ ಚೂಪು ಸ್ಕ್ರೂಗಳೆಲ್ಲ ಅದರಿಂದ ಈಚಿನವು. ತಲೆಯ ಮೇಲೆ ಕೂಡು ಚಿಹ್ನೆಯ ಗಾಡಿ ಇದ್ದರೆ ಅದು 1930ರ ದಶಕದ ನಂತರದ್ದು.

ಆ ಸ್ಕ್ರೂ ಮೂಲದ್ದೇ, ನಡುವೆ ಯಾರೋ ಬದಲಿಸಿದ್ದೇ? ತೂತು ಹೇಳುತ್ತದೆ. ಬಿಜಾಗರಿಯ ಪಟ್ಟಿ ಎತ್ತಿದಾಗ ಅಡಿಯ ಮರದಲ್ಲಿ ಅದರ ನೆರಳಿನಂತಹ ಅಚ್ಚು ಇರಬೇಕು. ಗಾಳಿ ಬೆಳಕು ತಾಗದ ಜಾಗದ ಬಣ್ಣ ಸುತ್ತಲಿನದಕ್ಕಿಂತ ಬೇರೆಯೇ ಇರುತ್ತದೆ, ಅಂಚಿನಲ್ಲಿ ತುಕ್ಕಿನ ಕರೆ ಮರದೊಳಕ್ಕೆ ಇಳಿದಿರುತ್ತದೆ. ಅಚ್ಚು ಒಂದೇ ಇದ್ದು ಪಟ್ಟಿಗೆ ಸರಿಯಾಗಿ ಹೊಂದಿದರೆ ಅದು ಮೂಲದ ಬಿಜಾಗರಿ. ಪಕ್ಕದಲ್ಲಿ ಇನ್ನೊಂದು ಅಳತೆಯ ಅಚ್ಚು, ಬೆಣೆ ಬಡಿದು ಮುಚ್ಚಿದ ಹಳೆ ತೂತು ಕಂಡರೆ ಈಗಿನ ಬಿಜಾಗರಿ ಎರಡನೆಯದು. ಅದರ ಸ್ಕ್ರೂ ಪೆಟಾರಿಯ ವಯಸ್ಸನ್ನು ಹೇಳುವುದಿಲ್ಲ, ರಿಪೇರಿಯ ವಯಸ್ಸನ್ನು ಹೇಳುತ್ತದೆ.

ಬೀಗವನ್ನೂ ಮಸೂರದಲ್ಲಿ ನೋಡಿ. ಕಿರೀಟದ ಜೊತೆ ಇಂಗ್ಲಿಷಿನ ವಿ, ಆರ್ ಅಕ್ಷರಗಳಿದ್ದರೆ ವಿಕ್ಟೋರಿಯಾ ಕಾಲ, ಅಂದರೆ 1837ರಿಂದ 1901ರ ನಡುವಿನದು. ‘ಮೇಡ್ ಇನ್’ ಎಂದು ದೇಶದ ಹೆಸರಿದ್ದರೆ ಹೆಚ್ಚಾಗಿ 1880ರ ದಶಕದ ಕೊನೆಯಿಂದ ಈಚಿನದು. ಸರಕಿನ ಮೇಲಿನ ಗುರುತುಗಳ ಕಾಯ್ದೆ ಬ್ರಿಟನ್ನಿನಲ್ಲಿ 1887ರಲ್ಲಿ, ಇಲ್ಲಿ 1889ರಲ್ಲಿ ಬಂತು. ಬೀಗದ ಸುತ್ತ ಮರದ ತೇಪೆ ಇದೆಯೇ ಎಂದು ನೋಡಲು ಮರೆಯಬೇಡಿ, ಪೆಟಾರಿಯಲ್ಲಿ ಮೊದಲು ಹಾಳಾಗುವುದೂ ಬದಲಾಗುವುದೂ ಬೀಗವೇ.

ಕೈಗರಗಸದ ತಳ, ಏರುಪೇರಿನ ಹಲ್ಲು, ಮೂಲದ ಬಿಜಾಗರಿಯಲ್ಲಿ ಚೂಪು ಸ್ಕ್ರೂ, ಈ ಮೂರೂ ಒಟ್ಟಿಗೆ ಸಿಕ್ಕರೆ ನಿಮ್ಮ ಪೆಟಾರಿ 19ನೇ ಶತಮಾನದ ಕೊನೆ ಅಥವಾ 20ನೇ ಶತಮಾನದ ಮೊದಲರ್ಧದ್ದು. ಹಿರಿಯರ ಇನ್ನೂರು ವರ್ಷ ನಿಲ್ಲಬೇಕಾದರೆ ಮೂಲದ ಸ್ಕ್ರೂ ಮೊಂಡಾಗಿರಬೇಕು, ಇಲ್ಲವೇ ಸ್ಕ್ರೂವೇ ಇರದೆ ಚೌಕ ಮೊಳೆಯನ್ನು ಒಳಗೆ ಮಡಚಿ ಬಡಿದಿರಬೇಕು.

ಪ್ರಶ್ನೆ: ‘150 ವರ್ಷ ಹಳೆಯ ಬರ್ಮಾ ಟೀಕ್’ ಎಂದು ಹೇಳಿದ ಅಂಗಡಿಯಿಂದ ಊಟದ ಮೇಜು ಕೊಂಡೆವು. ಅಡಿಯಲ್ಲಿ ನೋಡಿದರೆ ಅಲ್ಲಲ್ಲಿ ಚೌಕ ತೂತು ಮುಚ್ಚಿದ ತೇಪೆಗಳಿವೆ. ಮೋಸ ಹೋದೆವೇ? — ಬೆಂಗಳೂರಿನಿಂದ

ಉತ್ತರ: ಮರ ಹಳತು, ಮೇಜು ಹೊಸತು. ಚೌಕ ತೇಪೆಗಳು ಹಿಂದೆ ತೊಲೆ, ಕಂಬ, ಬಾಗಿಲುವಾಡಗಳ ನಾಲಿಗೆ ಕೂತಿದ್ದ ಹೊಂಡಗಳು. ಹಳೆ ಮನೆ ಕೆಡವಿದಾಗ ಸಿಗುವ ಮರವನ್ನು ಹೀಗೆ ಮೇಜು, ಬೆಂಚು ಮಾಡುವುದು ದೊಡ್ಡ ವ್ಯಾಪಾರ. ಮರ ಒಳ್ಳೆಯದೇ, ಚೆನ್ನಾಗಿ ಒಣಗಿದ್ದು, ಸೀಳುವುದಿಲ್ಲ, ಸೊಟ್ಟಗಾಗುವುದಿಲ್ಲ. ಆದರೆ ಮರದ ವಯಸ್ಸಿಗೆ ಮೇಜಿನ ಬೆಲೆ ಕೊಡಬಾರದು. ಹಳೆ ಮೇಜೆಂದು ಬಿಲ್ಲಿನಲ್ಲಿ ಬರೆದಿದ್ದರೆ ಆ ಬಿಲ್ಲು ಹಿಡಿದು ಗ್ರಾಹಕರ ಆಯೋಗಕ್ಕೆ ಹೋಗಬಹುದು. ‘ಹಳೆ ಮರದಿಂದ ಮಾಡಿದ್ದು’ ಎಂದಿದ್ದರೆ ಅವರ ಮಾತು ಸರಿ.

ಮುಂದಿನ ಸಲ ಕೊಳ್ಳುವಾಗ ಎರಡು ಗುರುತು ನೋಡಿಕೊಳ್ಳಿ. ಮೊದಲನೆಯದು ಕುಟ್ಟೆಹುಳದ ದಾರಿ. ಹುಳ ಮರದೊಳಗೆ ಸುರಂಗ ಕೊರೆದು, ಕೊನೆಗೆ ಮೇಲ್ಮೈಗೆ ನೇರ ತೂತು ಮಾಡಿ ಹೊರಬೀಳುತ್ತದೆ. ಹಾಗಾಗಿ ಹಳೆ ಸಾಮಾನಿನ ಮೇಲೆ ಕಾಣಬೇಕಾದ್ದು 1ರಿಂದ 2 ಮಿ.ಮೀ.ನ ದುಂಡು ತೂತುಗಳು ಮಾತ್ರ. ಸುರಂಗವೇ ಉದ್ದಕ್ಕೆ ಸೀಳಿದಂತೆ ಕಾಲುವೆಯಾಗಿ ಕಾಣುತ್ತಿದ್ದರೆ, ಹುಳ ಹೊಡೆದ ಮೇಲೆ ಆ ಮರವನ್ನು ಮತ್ತೆ ಕೊಯ್ದಿದ್ದಾರೆ ಎಂದೇ ಅರ್ಥ. ಡ್ರಿಲ್ ಹಾಕಿ ಹುಳದ ತೂತಿನಂತೆ ಮಾಡಿದ್ದನ್ನು ಹಿಡಿಯಲು ತೆಳು ತಂತಿ ತೂರಿಸಿ. ನಿಜವಾದ ದಾರಿ ಸ್ವಲ್ಪದರಲ್ಲೇ ತಿರುಗಿ ತಂತಿಯನ್ನು ತಡೆಯುತ್ತದೆ, ಡ್ರಿಲ್ಲಿನದು ತಳದವರೆಗೂ ನೇರ ಬಿಡುತ್ತದೆ.

ಎರಡನೆಯದು ಕುಗ್ಗುವಿಕೆ. ಮರ ಎಳೆಯ ಉದ್ದಕ್ಕೆ ಕುಗ್ಗುವುದಿಲ್ಲ ಎನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ನೂರು ವರ್ಷದ ದುಂಡು ಮೇಜನ್ನು ಎಳೆಯ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆದರೆ ಅಡ್ಡದ ಅಳತೆ ಕೆಲವು ಮಿ.ಮೀ. ಕಡಿಮೆ ಬರಬೇಕು. ಕಡೆದ ಕಾಲುಗಳನ್ನು ಕ್ಯಾಲಿಪರ್‌ನಲ್ಲಿ ಅಳೆದರೂ ಅದೇ: ಕಣ್ಣಿಗೆ ದುಂಡು, ಅಳತೆಗೆ ಮೊಟ್ಟೆಯಾಕಾರ. ಸಾಗುವಾನಿ ಕಡಿಮೆ ಕುಗ್ಗುವ ಜಾತಿ, ದೊಡ್ಡ ವ್ಯತ್ಯಾಸ ಹುಡುಕಬೇಡಿ. ಒಣಗಿದ ಹಳೆ ಮರದಿಂದ ಹೊಸದಾಗಿ ಮಾಡಿದ ಮೇಜು ಕುಗ್ಗುವುದನ್ನೆಲ್ಲ ಮೊದಲೇ ಮುಗಿಸಿರುವುದರಿಂದ ಎರಡೂ ಅಳತೆ ಒಂದೇ ಬರುತ್ತದೆ.

ಬರ್ಮಾ, ದಾಂಡೇಲಿ ಎಂಬ ಭೇದದ ಬಗ್ಗೆ: ಎರಡೂ ಒಂದೇ ಜಾತಿಯ ಮರ. ನೇರ ಎಳೆ, ಗಂಟಿಲ್ಲದ ಉದ್ದ ಹಲಗೆ ಕಂಡರೆ ಬರ್ಮಾ, ಕಪ್ಪು ಗೆರೆಯ ಚಿತ್ತಾರ ಕಂಡರೆ ದಾಂಡೇಲಿ ಎಂದು ವ್ಯಾಪಾರಿಗಳು ಹೇಳುವುದು ಒಲವಿನ ಮಾತು, ಪುರಾವೆಯಲ್ಲ. ಸಿದ್ಧವಾದ ಮೇಜನ್ನು ಬರಿಗಣ್ಣಲ್ಲಿ ನೋಡಿ ಯಾವ ಕಾಡಿನ ಸಾಗುವಾನಿ ಎಂದು ಯಾರೂ ಖಚಿತವಾಗಿ ಹೇಳಲಾರರು. ಮರ ಬಂದ ಮನೆ ಯಾವುದೆಂದು ಗೊತ್ತಿದ್ದರೆ ಊಹೆಗೆ ಬಲ ಬರುತ್ತದೆ. ತಮಿಳುನಾಡಿನ ಕಾರೈಕುಡಿ ಸುತ್ತಿನ ಚೆಟ್ಟಿಯಾರ್ ಮನೆಗಳ ಕಂಬವಾದರೆ ಬರ್ಮಾದ್ದಾಗಿರುವುದು ಸಹಜ, ಅವರ ವ್ಯಾಪಾರವೇ ಅಲ್ಲಿತ್ತು. ಉತ್ತರ ಕನ್ನಡದ ಮನೆಯ ತೊಲೆಯಾದರೆ ಪಕ್ಕದ ಕಾಡನ್ನು ಬಿಟ್ಟು ಸಮುದ್ರದಾಚೆಗೆ ಹೋಗಬೇಕಾದ ಕಾರಣವಿಲ್ಲ.

ಪ್ರಶ್ನೆ: ಕಪ್ಪಗಿರುವ ಹಳೆ ಕುರ್ಚಿ ಬೀಟೆಯೋ, ಬಣ್ಣ ಹಚ್ಚಿದ ಬೇರೆ ಮರವೋ? ಕೆರೆದು ನೋಡದೆ ತಿಳಿಯಬಹುದೇ? — ಪುತ್ತೂರಿನಿಂದ

ಉತ್ತರ: ಕುರ್ಚಿಯನ್ನು ಮಗುಚಿ, ಕಾಲಿನ ತಳ ನೋಡಿ. ಅಲ್ಲಿ ಮರದ ಅಡ್ಡ ಕೊಯ್ದ ತುದಿ ಸಿಗುತ್ತದೆ, ಬಣ್ಣ ಸವೆದಿರುತ್ತದೆ. ಹೊಸ ಬ್ಲೇಡಿನಿಂದ ಒಂದೇ ಸಲ, ಉಗುರಿನ ಅರ್ಧದಷ್ಟು ಜಾಗವನ್ನು ನುಣುಪಾಗಿ ಹೆರೆದು, ಎಂಜಲಿನಷ್ಟು ನೀರು ತಾಗಿಸಿ ಮಸೂರದಲ್ಲಿ ನೋಡಿ. ಕೆರೆಯದೆ ಆಗುವುದಿಲ್ಲ, ಆದರೆ ಇಷ್ಟು ಕೆರೆತದಿಂದ ಕುರ್ಚಿಗೆ ನಷ್ಟವಿಲ್ಲ.

ಸಾಗುವಾನಿಯಲ್ಲಿ ವರ್ಷದ ಉಂಗುರದ ಶುರುವಿಗೆ ದೊಡ್ಡ ರಂಧ್ರಗಳು ಸಾಲಾಗಿ ನಿಂತಿರುತ್ತವೆ. ಬೀಟೆಯಲ್ಲಿ ಸಾಲಿಲ್ಲ, ರಂಧ್ರಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ಚೇಗಿನ ಬಣ್ಣ ನೇರಳೆ ಮಿಶ್ರಿತ ಕಂದು, ನಡುನಡುವೆ ಕಪ್ಪು ಗೆರೆ. ಹೆರೆದ ತಕ್ಷಣ ಮೂಗಿಗೆ ಹಿಡಿದರೆ ನವಿರಾದ ಸಿಹಿ ಪರಿಮಳ. ಸಾಗುವಾನಿಯದು ಚರ್ಮದ ಚೀಲ ತೆರೆದಂತಹ ಎಣ್ಣೆವಾಸನೆ. ತೂಕದಲ್ಲೂ ತಿಳಿಯುತ್ತದೆ: ಒಣ ಬೀಟೆ ಘನ ಮೀಟರಿಗೆ ಸುಮಾರು 850 ಕಿಲೋ, ಸಾಗುವಾನಿ ಸುಮಾರು 650. ಒಂದೇ ಅಳತೆಯ ಎರಡು ಕುರ್ಚಿಗಳನ್ನು ಒಂದೊಂದು ಕೈಯಲ್ಲಿ ಎತ್ತಿದರೆ ಕೈಗೇ ಗೊತ್ತಾಗುತ್ತದೆ.

ನಿಮ್ಮ ಕಡೆ ಹೆಚ್ಚಾಗಿ ಮೋಸಗೊಳಿಸುವುದು ಹಲಸು. ಹೊಸದರಲ್ಲಿ ಅರಿಸಿನದ ಹಳದಿ, ವರ್ಷಗಳು ಕಳೆದಂತೆ ಕೆಂಗಂದು, ಮೇಲೆ ಹೊಗೆ, ಎಣ್ಣೆ ಕೂತರೆ ಕಪ್ಪು. ಆದರೆ ಹೆರೆದ ಜಾಗದಲ್ಲಿ ಹಳದಿ ಮತ್ತೆ ಇಣುಕುತ್ತದೆ. ಬೀಟೆ ಉಲ್ಟಾ: ಬಿಸಿಲು ಬಿದ್ದ ಕಡೆ ಬಣ್ಣ ಇಳಿದು ತಿಳಿಗಂದಾಗುತ್ತದೆ, ನೆರಳಿನ ಕಡೆ ಕಪ್ಪಾಗೇ ಇರುತ್ತದೆ. ಕುರ್ಚಿ ಎಲ್ಲ ಕಡೆ ಒಂದೇ ಸಮ ಕಪ್ಪಗಿದ್ದರೆ ಬಣ್ಣದ ಅನುಮಾನ ಇಟ್ಟುಕೊಳ್ಳಿ. ಹೊನ್ನೆಯಾಗಿದ್ದರೆ ಎರಡು ಚಿಟಿಕೆ ಹೊಟ್ಟನ್ನು ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಿಗೆ ಹಿಡಿಯಿರಿ. ಕಂದು ನೀರಿನ ಅಂಚಿನಲ್ಲಿ ನೀಲಿ ಹೊಳಪು ಬರುತ್ತದೆ, ಹೊನ್ನೆಲೋಟದ ನೀರು ಕುಡಿದವರೆಲ್ಲ ನೋಡಿರುವ ಹೊಳಪು.

ಬೀಟೆಯ ಹೆಸರಿನಲ್ಲಿ ಈಗ ಪೇಟೆಗೆ ಬರುವುದರಲ್ಲಿ ಉತ್ತರ ಭಾರತದ ಶೀಶಮ್ ಬಹಳ. ಅದು ಬೀಟೆಯ ದಾಯಾದಿಯೇ, ಆದರೆ ಬಣ್ಣ ಹೊಂಗಂದು, ನೇರಳೆ ಛಾಯೆ ಕಡಿಮೆ. ಇವೆರಡನ್ನೂ ಖಚಿತವಾಗಿ ಬೇರ್ಪಡಿಸಬೇಕಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಸಣ್ಣ ತುಂಡು ಕಳಿಸಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿ ಹೇಳುವ ತಜ್ಞರು ಅಲ್ಲಿದ್ದಾರೆ.

ಪ್ರಶ್ನೆ: ಮುಚ್ಚಿಹೋದ ಒಂದು ಹೋಟೆಲಿನಿಂದ ದುಂಡು ಸೀಟಿನ, ಬಾಗಿದ ಬೆನ್ನಿನ ಆರು ಕುರ್ಚಿ ತಂದಿದ್ದೇವೆ. ಒಂದರ ಅಡಿಯಲ್ಲಿ ಹರಿದ ಕಾಗದದ ಚೀಟಿ ಇದೆ, ‘ಥೋನೆಟ್’ ಎಂದು ಓದಲು ಬರುತ್ತದೆ. ಆರೂ ಒಂದೇ ಕಾಲದವೇ? — ಧಾರವಾಡದಿಂದ

ಉತ್ತರ: ಚೀಟಿಯನ್ನು ಮುಟ್ಟಬೇಡಿ, ಅಂಟು ಹಚ್ಚಬೇಡಿ, ಇದ್ದ ಹಾಗೇ ಫೋಟೋ ತೆಗೆಯಿರಿ. ಮೈಕಲ್ ಥೋನೆಟ್ ವಿಯೆನ್ನಾದಲ್ಲಿ ಬೀಚ್ ಮರದ ದುಂಡು ಕೋಲುಗಳನ್ನು ಹಬೆಯಲ್ಲಿ ಬೇಯಿಸಿ ಕಬ್ಬಿಣದ ಅಚ್ಚಿಗೆ ಬಗ್ಗಿಸುವ ವಿದ್ಯೆಯನ್ನು ಪಳಗಿಸಿದವರು. 1856ರಲ್ಲಿ ಅದಕ್ಕೆ ಏಕಸ್ವಾಮ್ಯದ ಹಕ್ಕು ಸಿಕ್ಕಿತು. 1859ರಲ್ಲಿ ಬಂದ 14ನೇ ನಂಬರಿನ ಕುರ್ಚಿಗೆ ಇದ್ದದ್ದು ಆರು ಮರದ ಭಾಗ, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿ ತುಂಬಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ. ಸಮುದ್ರ ದಾಟಿ ಮುಂಬೈಯ ಇರಾನಿ ಹೋಟೆಲುಗಳವರೆಗೆ ಈ ಬಗೆಯ ಕುರ್ಚಿ ಹರಡಿದ್ದು ಈ ಅಗ್ಗದ ಸಾಗಾಣಿಕೆಯಿಂದಲೇ.

ಏಕಸ್ವಾಮ್ಯ 1869ರಲ್ಲಿ ಮುಗಿಯಿತು. ಆಮೇಲೆ ಯಾಕೋಬ್ ಮತ್ತು ಯೋಸೆಫ್ ಕೋನ್ ಸೇರಿದಂತೆ ಹಲವು ಕಂಪನಿಗಳು ಅದೇ ಆಕಾರ ಮಾಡಿದವು. ಆದ್ದರಿಂದ ಆಕಾರ ನೋಡಿ ಥೋನೆಟ್ ಅನ್ನುವಂತಿಲ್ಲ. ಸೀಟಿನ ದುಂಡು ಚೌಕಟ್ಟಿನ ಒಳಮೈಯಲ್ಲಿ ಟಾರ್ಚ್ ಬಿಟ್ಟು ಸುತ್ತಲೂ ಹುಡುಕಿ. ಚೀಟಿ ಹೋಗಿದ್ದರೂ ಮರದಲ್ಲಿ ಒತ್ತಿದ ಅಥವಾ ಸುಟ್ಟ ಅಕ್ಷರ ಉಳಿದಿರಬಹುದು. ‘ಆಸ್ಟ್ರಿಯಾ’ ಎಂದಿದ್ದು ಜೊತೆಯಲ್ಲಿ ಇಂದಿನ ಚೆಕ್ ಪ್ರದೇಶದ ಊರಿನ ಹೆಸರಿದ್ದರೆ ಅದು 1918ಕ್ಕಿಂತ ಹಿಂದಿನದು, ಆ ವರ್ಷ ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯವೇ ಒಡೆಯಿತು. ‘ಥೋನೆಟ್–ಮುಂಡುಸ್’ ಎಂದು ಜೋಡಿ ಹೆಸರಿದ್ದರೆ 1920ರ ದಶಕ ಮತ್ತು ಅದರಾಚೆ. ‘ಚೆಕೊಸ್ಲೊವಾಕಿಯಾ’ ಅಥವಾ ‘ಪೋಲೆಂಡ್’ ಎಂದಷ್ಟೇ ಇದ್ದರೆ ಅವಸರ ಬೇಡ. ಆ ಕಾರ್ಖಾನೆಗಳು ಎರಡನೇ ಮಹಾಯುದ್ಧದ ನಂತರವೂ ಸರ್ಕಾರದ ಕೈಯಲ್ಲಿ ಅವೇ ಕುರ್ಚಿ ಮಾಡುತ್ತಿದ್ದವು. ಅಂಥ ಕುರ್ಚಿ 1925ರದ್ದೂ ಆಗಬಹುದು, 1960ರದ್ದೂ ಆಗಬಹುದು.

ಆರರಲ್ಲಿ ಕೆಲವು ಇಲ್ಲಿಯ ಆಚಾರಿ ಮಾಡಿದ ನಕಲು ಆಗಿರುವ ಸಾಧ್ಯತೆ ಬಹಳ. ಹೋಟೆಲಿನಲ್ಲಿ ಮುರಿದದ್ದಕ್ಕೆ ಬದಲಿ ಬೇಕಾದಾಗ ವಿಯೆನ್ನಾಕ್ಕೆ ಯಾರೂ ಬರೆಯುತ್ತಿರಲಿಲ್ಲ. ಹಿಡಿಯುವುದು ಸುಲಭ. ಬೆನ್ನಿನ ಬಾಗಿದ ಕೋಲಿನ ಮೇಲೆ ಕಣ್ಣಿಟ್ಟು ಮರದ ಎಳೆಯನ್ನು ಹಿಂಬಾಲಿಸಿ. ಬೇಯಿಸಿ ಬಗ್ಗಿಸಿದ್ದಾದರೆ ಎಳೆ ಒಂದು ಕಾಲಿನ ತಳದಿಂದ ಹತ್ತಿ, ನೆತ್ತಿಯ ಬಾಗಿನಲ್ಲಿ ಸುತ್ತಿ, ಇನ್ನೊಂದು ಕಾಲಿನ ತಳದವರೆಗೆ ಎಲ್ಲೂ ಕಡಿಯದೆ ಹೋಗುತ್ತದೆ. ಹಲಗೆಯಿಂದ ಬಾಗಾಗಿ ಕೊಯ್ದದ್ದಾದರೆ ಎಳೆ ನೇರವಾಗಿ ಓಡಿ ಬಾಗಿನ ಅಂಚಿನಲ್ಲಿ ಹೊರಬಿದ್ದುಬಿಡುತ್ತದೆ, ನೆತ್ತಿಯ ಹತ್ತಿರ ಎಲ್ಲೋ ಒಂದು ಕೂಡು ಇರುತ್ತದೆ, ಮುರಿದರೆ ಅಲ್ಲೇ ಮುರಿದಿರುತ್ತದೆ. ಬೀಚ್ ಮರದ ಗುರುತೂ ಸ್ಪಷ್ಟ: ತಿಳಿ ಬಣ್ಣದ ಮೇಲೆ ಎಳ್ಳು ಚೆಲ್ಲಿದಂತೆ ಸಣ್ಣ ಕಂದು ಚುಕ್ಕೆಗೆರೆಗಳು. ಸಾಗುವಾನಿಯಲ್ಲಿ ಅವು ಇಲ್ಲ.

ಸೀಟು ಬೆತ್ತದ್ದಾದರೆ ಅಡಿಯಿಂದ ನೋಡಿ. ಚೌಕಟ್ಟಿನಲ್ಲಿ ಸಾಲು ತೂತು ಕೊರೆದು ಬೆತ್ತ ಏರಿಸಿದ್ದರೆ ಕೈನೇಯ್ಗೆ. ತೂತೇ ಇಲ್ಲದೆ, ಸುತ್ತಲೂ ತೋಡಿದ ಕಾಲುವೆಗೆ ಹೆಣೆದ ಹಾಳೆಯನ್ನು ಬೆತ್ತದ ದಾರದಿಂದ ಒತ್ತಿದ್ದರೆ ಅದು ಯಂತ್ರದ ಹೆಣಿಗೆ. ಬೆತ್ತವನ್ನು ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಬದಲಿಸುತ್ತಾರೆ, ಬೆತ್ತದ ಹೊಸತನದಿಂದ ಕುರ್ಚಿಯ ವಯಸ್ಸು ಅಳೆಯಬೇಡಿ.

ಪ್ರಶ್ನೆ: ಬಿಳಿ ಕುಸುರಿ ಕೂರಿಸಿದ ಬೀಟೆ ಟೀಪಾಯಿ ಇದೆ. ದಂತವೇ? ಮಾರಬಹುದೇ? — ಮೈಸೂರಿನಿಂದ

ಉತ್ತರ: ಮೊದಲು ಎರಡನೆಯ ಪ್ರಶ್ನೆಗೆ. ದಂತವಾಗಿದ್ದರೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಎಷ್ಟೇ ಹಳತಾಗಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನೂ, 1991ರದ್ದು ಆಮದಾದ ಆಫ್ರಿಕಾ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ಮನೆತನದಲ್ಲಿ ಉಳಿದು ಬಂದ ವಸ್ತುವಾದರೆ ಹಿರಿಯರು ಒಡೆತನದ ಪ್ರಮಾಣಪತ್ರ ಮಾಡಿಸಿದ್ದರೇ ಎಂದು ಹುಡುಕಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ದಂತವೋ ಅಲ್ಲವೋ ಎಂದು ಕಾದ ಸೂಜಿ ಚುಚ್ಚಿ ನೋಡುವವರಿದ್ದಾರೆ. ದಯವಿಟ್ಟು ಬೇಡ, ಪ್ಲಾಸ್ಟಿಕ್ ಆದರೆ ಕರಗಿ ಕುಸುರಿಯೇ ಹಾಳು. ಮಸೂರ ಸಾಕು. ದಂತದಲ್ಲಿ ಹಾಲಿನ ಕೆನೆಯಂತಹ ಮೈಯೊಳಗೆ ಅಲೆಅಲೆಯಾದ ನವಿರು ಗೆರೆಗಳಿರುತ್ತವೆ. ಅಡ್ಡ ಕೊಯ್ದ ತುಂಡಾದರೆ ಆ ಗೆರೆಗಳು ಒಂದನ್ನೊಂದು ಕತ್ತರಿಸಿ ಜಾಲರಿಯಂತೆ ಕಾಣುತ್ತವೆ. ಮೂಳೆಯಲ್ಲಿ ಕಪ್ಪು ಚುಕ್ಕೆ, ಮೊಟುಕು ಗೆರೆ. ಅವು ರಕ್ತನಾಳ ಹರಿದ ದಾರಿಗಳು. ಪ್ಲಾಸ್ಟಿಕ್‌ನಲ್ಲಿ ಏನೂ ಇಲ್ಲ, ಅಂಚಿನಿಂದ ಅಂಚಿಗೆ ಒಂದೇ ಬಿಳುಪು.

ಕೆಲಸವನ್ನೂ ನೋಡಿ. ಹಳೆ ಮೈಸೂರು ಕುಸುರಿಯಲ್ಲಿ ಬಿಳಿ ತುಂಡನ್ನು ತೋಡಿಗೆ ಕೂರಿಸಿದ ಮೇಲೆ ಆನೆಯ ಕಣ್ಣು, ಬಳ್ಳಿಯ ನರ, ಸೀರೆಯ ಮಡಿಕೆಗಳನ್ನು ಉಳಿಯ ಮೊನೆಯಿಂದ ಗೀರಿ ಕಪ್ಪು ಅರಗು ತುಂಬುತ್ತಿದ್ದರು. ಆ ಗೀರು ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ಕೂದಲಾಗಿ ಮಾಯವಾಗುತ್ತದೆ. ಅರಮನೆಯ ಬೀಟೆ ಬಾಗಿಲುಗಳ ದಂತದ ಕೆಲಸವನ್ನು ಹತ್ತಿರದಿಂದ ನೋಡಿ ಬಂದರೆ ಕಣ್ಣು ಪಳಗುತ್ತದೆ. ಈಗಿನ ಅರಮನೆ 1897ರಿಂದ 1912ರ ನಡುವೆ ಕಟ್ಟಿದ್ದು, ಅಂದರೆ ಆ ಕಾಲದ ಕೈಕೆಲಸಕ್ಕೆ ತಾರೀಖು ಸಮೇತ ಮಾದರಿ ನಿಮ್ಮೂರಲ್ಲೇ ಇದೆ. ಬಿಳಿಯೇ ಇಲ್ಲದೆ ಬಗೆಬಗೆಯ ಮರದ ಸಹಜ ಬಣ್ಣದಲ್ಲೇ ದೇವಸ್ಥಾನ, ಹಳ್ಳಿಯ ನೋಟ ಮೂಡಿಸಿದ ಫಲಕಗಳು ಹೆಚ್ಚಾಗಿ ಈಚಿನವು.

ಪ್ರಶ್ನೆ: ಅಲ್ಮಾರಿಯ ಡ್ರಾಯರಿನ ತಳಕ್ಕೆ 1934ರ ಪತ್ರಿಕೆ ಹಾಸಿತ್ತು. ಅಲ್ಮಾರಿ ಆ ವರ್ಷದ್ದೇ? — ದಾವಣಗೆರೆಯಿಂದ

ಉತ್ತರ: ಪತ್ರಿಕೆ ಆ ವರ್ಷದ್ದು, ಅಷ್ಟೇ. ಅಲ್ಮಾರಿ ಅದಕ್ಕಿಂತ ಹಿಂದಿನದೂ ಆಗಬಹುದು, ಹಳೆ ಪತ್ರಿಕೆ ಹಾಸಿದ್ದರೆ ಈಚಿನದೂ ಆಗಬಹುದು. ಕಾಗದ ಎತ್ತಿ ಅಡಿಯ ಮರ ನೋಡಿ. ಅಕ್ಷರಗಳ ಮಸಿ ಮರಕ್ಕೆ ಹತ್ತಿ, ಕಾಗದದ ಆಕಾರಕ್ಕೇ ಬಣ್ಣ ಬೇರೆಯಾಗಿದ್ದರೆ ಅದು ಅಲ್ಲಿ ಬಹುಕಾಲ ಕೂತಿತ್ತು. ಹಿಂಬದಿಯ ಹಲಗೆ ಪ್ಲೈವುಡ್ ಆಗಿದ್ದು, ಅದು ಮೂಲದ್ದೇ ಆಗಿದ್ದರೆ 20ನೇ ಶತಮಾನಕ್ಕಿಂತ ಹಿಂದೆ ಹೋಗಬೇಡಿ. ಅಳತೆಗಳು ಇಂಚಿನಲ್ಲಿ ಸರಿಯಾಗಿ ಬಂದವೆಂದು ಹಳತೆನ್ನಬೇಡಿ, ನಮ್ಮ ಆಚಾರಿಗಳು ಇವತ್ತಿಗೂ ಇಂಚಿನಲ್ಲೇ ಮಾಡುತ್ತಾರೆ.

ಪ್ರಶ್ನೆ: ಅಜ್ಜಿಯ ಕನ್ನಡಿ ಮೇಜಿನ ಗಾಜಿನಲ್ಲಿ ಕಪ್ಪು ಮಚ್ಚೆ. ಕನ್ನಡಿ ಬದಲಿಸಬಹುದೇ? — ಶಿವಮೊಗ್ಗದಿಂದ

ಉತ್ತರ: ಬದಲಿಸುವ ಮುಂಚೆ ಬೆನ್ನಿನ ಹಲಗೆ ತೆಗೆದು ಗಾಜಿನ ಹಿಂಬದಿ ನೋಡಿ. ಕೆಂಪು ಅಥವಾ ಕಂದು ಬಣ್ಣ ಬಳಿದಿದ್ದರೆ ಅದು ಬೆಳ್ಳಿ ಲೇಪದ ಕನ್ನಡಿ, 19ನೇ ಶತಮಾನದ ನಡುವಿನಿಂದ ಇಂದಿನವರೆಗೆ ನಡೆದುಬಂದ ಬಗೆ, ಮಚ್ಚೆ ಅಂಚಿನಿಂದ ಕಪ್ಪಾಗಿ ಒಳಸರಿಯುತ್ತದೆ. ಬಣ್ಣವೇ ಇರದೆ ಹಿಂಬದಿ ಬರಿಯ ಬೂದು ಲೋಹದಂತಿದ್ದು, ಮುಂದಿನಿಂದ ಮಚ್ಚೆ ಸಕ್ಕರೆ ಹರಳಿನಂತೆ ಮಿನುಗಿದರೆ ಅದು ತವರ ಮತ್ತು ಪಾದರಸದ ಹಳೆ ಕನ್ನಡಿ. 1900ರ ಹೊತ್ತಿಗೆ ಆ ಪದ್ಧತಿ ನಿಂತೇಹೋಯಿತು. ಅದನ್ನು ಕೆರೆಯಬೇಡಿ, ಬಿಸಿಲಿಗಿಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಕೆಳ ಅಂಚಿನಲ್ಲಿ ಪಾದರಸದ ಹನಿ ಕೂತಿರಬಹುದು. ಹಿಂದೆ ಹೇಗಿತ್ತೋ ಹಾಗೇ ಹಲಗೆ ಮುಚ್ಚಿ ನೆಟ್ಟಗೆ ನಿಲ್ಲಿಸಿ. ಮುಖ ನೋಡಲು ಬೇರೆ ಕನ್ನಡಿ ಬೇಕಾದರೆ ಗೋಡೆಗೆ ಹಾಕಿ, ಇದರದ್ದನ್ನು ಕೀಳಬೇಡಿ.

ಪ್ರಶ್ನೆ: ಹಳೆ ಮಂಚ ಮಾರುವ ಮೊದಲು ಪಾಲಿಶ್ ಮಾಡಿಸಿದರೆ ಹೆಚ್ಚು ಬೆಲೆ ಬರುತ್ತದೆ ಎನ್ನುತ್ತಾರೆ, ನಿಜವೇ? — ಹಾಸನದಿಂದ

ಉತ್ತರ: ತಿಳಿದು ಕೊಳ್ಳುವವರ ಹತ್ತಿರ ಬೆಲೆ ಇಳಿಯುತ್ತದೆ. ಯಂತ್ರದ ಉಜ್ಜುಕಾಗದ ಹಾಕಿದರೆ ಮೊದಲ ಅರ್ಧ ಮಿ.ಮೀ. ಹೋಗುತ್ತದೆ. ಆ ಅರ್ಧ ಮಿ.ಮೀ.ನಲ್ಲೇ ಕೀಸುಳಿಯ ಅಲೆ, ಕೈ ಸವೆತ, ಗಾಳಿಗೆ ಮಾಗಿದ ಬಣ್ಣ ಎಲ್ಲ ಇರುವುದು. ಮತ್ತೆ ನೂರು ವರ್ಷ ಕಾದರಷ್ಟೇ ಅದು ಬರು‍ತ್ತದೆ.

ಈಗಿರುವ ಪಾಲಿಶ್ ಯಾವುದು ಎಂದು ಮೊದಲು ತಿಳಿಯಿರಿ. ತಲೆಕಡೆಯ ಹಲಗೆಯ ಹಿಂಬದಿಯಲ್ಲಿ, ಹತ್ತಿಗೆ ಪಾಲಿಶ್ ಸ್ಪಿರಿಟ್ ಅದ್ದಿ 20 ಸೆಕೆಂಡ್ ಒತ್ತಿಹಿಡಿಯಿರಿ. ಅಂಟಂಟಾಗಿ ಹತ್ತಿ ಕಂದಾದರೆ ಅರಗಿನ ಪಾಲಿಶ್. ಏನೂ ಆಗದಿದ್ದರೆ ಥಿನ್ನರ್‌ನಲ್ಲಿ ಹಾಗೇ ಮಾಡಿ. ಅದಕ್ಕೆ ಕರಗಿದರೆ ನೈಟ್ರೊಸೆಲ್ಯುಲೋಸ್ ಲ್ಯಾಕರ್, 1920ರ ದಶಕದಿಂದ ಈಚಿನದು. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಲೇಪ, ಇತ್ತೀಚೆಗೆ ಯಾರೋ ಬಳಿಸಿದ್ದು. ಅರಗಾಗಿದ್ದರೆ ಕೆರೆಯುವ ಅಗತ್ಯವೇ ಇಲ್ಲ. ಮೆತ್ತನೆ ಬಟ್ಟೆಗೆ ಟರ್ಪಂಟೈನ್ ತುಸುವೇ ತಾಗಿಸಿ ಕೊಳೆ, ಹಳೆ ಮೇಣ ತೆಗೆದು, ಒಂದು ದಿನ ಬಿಟ್ಟು ಜೇನುಮೇಣ ತೆಳ್ಳಗೆ ತಿಕ್ಕಿದರೆ ಸಾಕು. ನೀರಿನ ಬಟ್ಟೆ ಬೇಡ, ಅರಗು ಬೆಳ್ಳಗಾಗುತ್ತದೆ.

ಪ್ರಶ್ನೆ: ಮಲೆನಾಡಿನ ಮನೆಯ ಬೀಟೆ ಪೆಟ್ಟಿಗೆಯನ್ನು ಇಲ್ಲಿಗೆ ತರಿಸಿಕೊಳ್ಳಬಹುದೇ? — ಅಮೆರಿಕದ ನ್ಯೂಜೆರ್ಸಿಯಿಂದ

ಉತ್ತರ: ಎರಡು ಕಾನೂನು ದಾಟಬೇಕು. ನೂರು ವರ್ಷ ತುಂಬಿದ ಕಲೆ, ಕರಕುಶಲ ವಸ್ತು 1972ರ ಪುರಾವಸ್ತು ಕಾಯ್ದೆಯ ಅಡಿ ಪುರಾವಸ್ತು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನೂರು ತುಂಬಿಲ್ಲದಿದ್ದರೆ ಹಾಗೆಂದು ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಪ್ರಮಾಣಪತ್ರ ಪಡೆಯಬೇಕು. ಮೇಲೆ ಹೇಳಿದ ಸ್ಕ್ರೂ, ಬಿಜಾಗರಿ, ಗರಗಸದ ಗುರುತುಗಳ ಸ್ಪಷ್ಟ ಫೋಟೋಗಳು ಆ ಅರ್ಜಿಗೆ ಉಪಯೋಗಕ್ಕೆ ಬರುತ್ತವೆ. ಎರಡನೆಯದು ಮರದ್ದೇ: ಬೀಟೆಯ ಕುಲ 2017ರ ಜನವರಿಯಿಂದ, ಅಪಾಯದಲ್ಲಿರುವ ಸಸ್ಯ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಹೊರದೇಶಕ್ಕೆ ಕಳಿಸಲು ಅದರ ಅನುಮತಿಪತ್ರ ಬೇಕು. 2019ರ ತಿದ್ದುಪಡಿಯಲ್ಲಿ ಒಂದು ಸಾಗಣೆಗೆ 10 ಕಿಲೋವರೆಗಿನ ಸಿದ್ಧ ವಸ್ತುಗಳಿಗೆ ವಿನಾಯಿತಿ ಕೊಟ್ಟಿದ್ದಾರೆ, ಪೆಟ್ಟಿಗೆ ಅದಕ್ಕಿಂತ ಭಾರವೇ ಇರುತ್ತದೆ. ಸಾಗಣೆ ಕಂಪನಿಗೆ ಮುಂಗಡ ಕೊಡುವ ಮೊದಲು ಈ ಎರಡು ಕಾಗದ ಕೈಗೆ ಬರಲಿ.

ಪ್ರಶ್ನೆ: ಇಷ್ಟೆಲ್ಲ ಏಕೆ, ಕಾರ್ಬನ್ ಪರೀಕ್ಷೆ ಮಾಡಿಸಿದರೆ ವರ್ಷವೇ ಗೊತ್ತಾಗುವುದಿಲ್ಲವೇ? — ತುಮಕೂರಿನಿಂದ

ಉತ್ತರ: ಆಗುವುದಿಲ್ಲ. ಸುಮಾರು 1650ರಿಂದ 1950ರವರೆಗಿನ ಮರಕ್ಕೆ ಕಾರ್ಬನ್ ಪರೀಕ್ಷೆಯ ಫಲಿತಾಂಶ ಹಲವು ಕಾಲಗಳಿಗೆ ಒಟ್ಟಿಗೆ ಹೊಂದುತ್ತದೆ, ಒಂದನ್ನೇ ಆರಿಸಲು ಬರುವುದಿಲ್ಲ. ಮನೆಯ ಸಾಮಾನುಗಳೆಲ್ಲ ಬೀಳುವುದು ಆ ಅವಧಿಯಲ್ಲೇ. ಸಾಗುವಾನಿಯಲ್ಲಿ ವರ್ಷಕ್ಕೊಂದು ಉಂಗುರ ಬರುವುದರಿಂದ ಉಂಗುರದ ಲೆಕ್ಕ ಹಾಕಬಹುದು. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆ ಹಳೆ ಮಳೆಗಾಲಗಳನ್ನು ತಿಳಿಯಲು ಸಾಗುವಾನಿ ಉಂಗುರಗಳನ್ನು ಓದುತ್ತದೆ. ಆದರೆ ಆಚಾರಿ ಹಲಗೆ ಮಾಡುವಾಗ ಹೊರಗಿನ ಬಿಳಿ ಪದರವನ್ನು ಕೆತ್ತಿ ಎಸೆದಿರುತ್ತಾನೆ, ಕೊನೆಯ ಉಂಗುರಗಳು ಅದರ ಜೊತೆಗೇ ಹೋದವು. ಸಿಗುವುದು ‘ಈ ವರ್ಷದ ನಂತರ ಯಾವಾಗಲೋ ಕಡಿದದ್ದು’ ಎಂಬ ಉತ್ತರ ಮಾತ್ರ. ಪರೀಕ್ಷೆಗೆ ತುಂಡು ಕತ್ತರಿಸುವ ಮೊದಲು ಒಂದು ಸ್ಕ್ರೂ ಬಿಚ್ಚಿ ನೋಡಿ.